ಆ್ಯಪ್ ಯಾವುದು ಅಂತ ಆಮೇಲೆ ನೋಡೋಣ ಮೇಡಂ

ಪ್ರಶ್ನೆ: ಸೋಮವಾರಪೇಟೆ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಏಳನೇ ಕ್ಲಾಸಿನ ಟೀಚರ್ ನಾನು. 26 ಮಕ್ಕಳಿದ್ದಾರೆ, ಅರ್ಧದಷ್ಟು ಮಕ್ಕಳು ಎಸ್ಟೇಟ್ ಲೈನ್ ಮನೆಗಳಿಂದ, ಅಂದರೆ ತೋಟದ ಕೂಲಿಯವರ ಸಾಲು ಮನೆಗಳಿಂದ ಬರುತ್ತಾರೆ. ಅವರ ಸ್ವಂತ ಕಲ್ಪನೆ ಹೊರಗೆ ಬರಲಿ ಅಂತ ನನ್ನ ಫೋನಿಗೆ ವಿಡಿಯೋ ಆ್ಯಪ್ ಹಾಕಿಕೊಂಡು ‘ನಮ್ಮೂರು’ ಅಂತ ವಿಡಿಯೋ ಮಾಡಿಸಿದೆ. ಐದು ಗುಂಪು ಮಾಡಿದ್ದೆ. ಐದೂ ವಿಡಿಯೋ ಒಂದೇ ಥರ ಬಂದವು. ಅದೇ ಸಿನಿಮಾ ಹಾಡು, ಅದೇ ಸ್ಲೋ ಮೋಷನ್ ನಡಿಗೆ, ಮೇಲಿಂದ ಉದುರುವ ಹಾರ್ಟ್‌ಗಳು. ನಮ್ಮ ಎಚ್‌ಎಂ (ಮುಖ್ಯ ಶಿಕ್ಷಕರು) ನೋಡಿ “ಇದು ಪಾಠವಾ, ರೀಲ್ಸಾ?” ಅಂದರು. ನಾನು ಆರಿಸಿದ ಆ್ಯಪ್ ಸರಿ ಇಲ್ಲವಾ? ಯಾವುದು ಒಳ್ಳೆಯದು? ಇಂಥ ಕೆಲಸಕ್ಕೆ ಅಂಕ ಕೊಡುವುದಾದರೂ ಹೇಗೆ?

ಉತ್ತರ: ಮೇಡಂ, ನಿಮ್ಮ ಎಚ್‌ಎಂ ಕೇಳಿದ್ದು ಸರಿಯಾದ ಪ್ರಶ್ನೆಯೇ. ಬೇಜಾರು ಮಾಡಿಕೊಳ್ಳಬೇಡಿ. ಮಕ್ಕಳನ್ನಂತೂ ಬೈಯಲೇಬೇಡಿ. ‘ವಿಡಿಯೋ’ ಅಂದರೆ ಅವರು ನೋಡಿರುವುದೇ ಅದನ್ನು. ಅಷ್ಟು ಚೆನ್ನಾಗಿ ನಕಲು ಮಾಡಿದ್ದಾರೆ ಅಂದರೆ ಕೈ ಚುರುಕಾಗಿದೆ ಅಂತಲೇ ಅರ್ಥ. ಕಣ್ಣಿಗೆ ಮಾತ್ರ ಇನ್ನೂ ಕೆಲಸ ಸಿಕ್ಕಿಲ್ಲ.

ನಾನೂ ಇದೇ ಹಳ್ಳಕ್ಕೆ ಬಿದ್ದವನು. ಕೆಲವು ವರ್ಷಗಳ ಹಿಂದೆ ದಕ್ಷಿಣ ಕೊಡಗಿನ ಒಂದು ಶಾಲೆಯಲ್ಲಿ ಎರಡು ದಿನದ ಶಿಬಿರ ಮಾಡಿದ್ದೆ. ಮೊದಲ ದಿನ ಬೆಳಿಗ್ಗೆಯಿಂದ ಸಂಜೆವರೆಗೂ ಆ್ಯಪ್ ಕಲಿಸಿದೆ. ಯಾವ ಬಟನ್ ಒತ್ತಿದರೆ ಏನಾಗುತ್ತೆ, ಎಲ್ಲಾ. ಎರಡನೇ ದಿನ ಒಂದು ಗುಂಪಿನ ಹುಡುಗರು ಎರಡು ನಿಮಿಷದ ವಿಡಿಯೋ ತಂದರು. ಅದರಲ್ಲಿ ಹತ್ತೊಂಬತ್ತು ಥರದ ಟ್ರಾನ್ಸಿಷನ್, ಅಂದರೆ ಒಂದು ಶಾಟ್‌ನಿಂದ ಇನ್ನೊಂದಕ್ಕೆ ಹೋಗುವಾಗಿನ ಚಮತ್ಕಾರ ಇದ್ದವು. ನಾನು ಎಣಿಸಿದ್ದೆ. ಪುಟ ಮಗುಚಿದ ಹಾಗೆ ಒಂದು, ಗಾಜು ಒಡೆದ ಹಾಗೆ ಒಂದು, ಸುರುಳಿ ಸುತ್ತಿ ಮಾಯವಾಗುವುದು ಒಂದು. ಆ ವಿಡಿಯೋ ಯಾವುದರ ಬಗ್ಗೆ ಇತ್ತು ಅಂತ ಕೇಳಿದರೆ ಇವತ್ತಿಗೂ ನನಗೆ ನೆನಪಿಲ್ಲ. ಟ್ರಾನ್ಸಿಷನ್ ಮಾತ್ರ ನೆನಪಿದೆ. ತಪ್ಪು ಹುಡುಗರದ್ದಲ್ಲ. ಒಂದಿಡೀ ದಿನ ಅದನ್ನೇ ಕಲಿಸಿದವನು ನಾನು.

ಈ ಆ್ಯಪ್‌ಗಳು ತೆರೆದ ಕೂಡಲೆ ಟೆಂಪ್ಲೇಟ್ ತೋರಿಸುತ್ತವೆ. ಬೇರೆ ಯಾರೋ ಯೋಚಿಸಿ ಮಾಡಿಟ್ಟ ಅಚ್ಚು ಅದು. ನಾವು ಫೋಟೋ ಸುರಿದರೆ ಸಾಕು, ಕಡುಬಿನ ಹಾಗೆ ಒಂದೇ ಆಕಾರದಲ್ಲಿ ಬೇಯಿಸಿ ಕೊಡುತ್ತದೆ. ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ನೇರ ಉತ್ತರ: ಆ್ಯಪ್ ಬದಲಿಸಿದರೆ ಏನೂ ಬದಲಾಗುವುದಿಲ್ಲ. ಆ್ಯಪ್ ಬರುವ ಸರದಿ ಬದಲಿಸಿ. ಅದು ಕೊನೆಗೆ ಬರಲಿ. ಬಂದಾಗಲೂ ಮುಕ್ಕಾಲು ಬಟನ್‌ಗಳಿಗೆ ಬೀಗ ಇರಲಿ.

ಮೊದಲ ವಾರ ಫೋನಿನ ಕ್ಯಾಮೆರಾ ಒಂದೇ ಸಾಕು. ಕೆಲಸ ಏನಪ್ಪಾ ಅಂದರೆ, ಒಂದೊಂದು ಗುಂಪು ಹತ್ತು ಸೆಕೆಂಡಿನ ಒಂದೇ ಒಂದು ಶಾಟ್ ತೆಗೆಯಬೇಕು. ಕ್ಯಾಮೆರಾ ಅಲುಗಾಡುವಂತಿಲ್ಲ. ಯಾರೂ ಮಾತಾಡುವಂತಿಲ್ಲ. ಮುಖ ತೋರಿಸುವಂತಿಲ್ಲ. ವಿಷಯ: ‘ಇವತ್ತು ಜೋರು ಮಳೆ’. ಆದರೆ ಮಳೆಯನ್ನು ನೇರವಾಗಿ ತೋರಿಸುವ ಹಾಗಿಲ್ಲ!

ಈ ಕೊನೆಯ ಷರತ್ತು ಕೇಳಿದ ಕೂಡಲೆ ಮಕ್ಕಳು ಗೊಣಗುತ್ತಾರೆ. ಐದು ನಿಮಿಷ ಗೊಣಗಲಿ ಬಿಡಿ. ಆಮೇಲೆ ತಲೆ ಓಡಲು ಶುರುವಾಗುತ್ತದೆ. ಹೀಗೆ ಕೊಟ್ಟಾಗ ನನಗೆ ಸಿಕ್ಕಿದ ಒಂದು ಶಾಟ್ ಹೇಳುತ್ತೇನೆ. ಕ್ಲಾಸಿನ ಬಾಗಿಲ ಹೊರಗೆ ಕೊಡೆಗಳನ್ನು ಸಾಲಾಗಿ ಒರಗಿಸಿಟ್ಟಿದ್ದರು. ಒಬ್ಬಳು ಹುಡುಗಿ ಫೋನನ್ನು ನೆಲಕ್ಕೆ ಹತ್ತಿರ ಇಟ್ಟಳು. ಕೊಡೆಗಳ ತುದಿಯಿಂದ ಇಳಿದ ನೀರು ಸಿಮೆಂಟ್ ನೆಲದ ಮೇಲೆ ಸಣ್ಣ ಹೊಳೆಗಳಾಗಿ ಹರಿದು, ಒಂದಕ್ಕೊಂದು ಸೇರಿ, ಹೊಸ್ತಿಲ ಹತ್ತಿರ ಇದ್ದ ಒಂದು ಒಂಟಿ ಚಪ್ಪಲಿಯನ್ನು ಸುತ್ತುವರಿದಿತ್ತು. ಅಷ್ಟೇ. ಹತ್ತು ಸೆಕೆಂಡು. ಟಿವಿಯಲ್ಲಿ ಹಾಕಿದಾಗ ಇಡೀ ಕ್ಲಾಸ್ ಸುಮ್ಮನಾಯಿತು. ಆಮೇಲೆ ಹಿಂದಿನ ಬೆಂಚಿನ ಹುಡುಗ ಕೇಳಿದ, “ಇನ್ನೊಂದು ಚಪ್ಪಲಿ ಎಲ್ಲಿ ಹೋಯ್ತು ಸಾರ್?” ಕಥೆ ಹುಟ್ಟಿದ್ದು ಅಲ್ಲಿ. ಮುಂದಿನ ಎರಡು ವಾರ ಆ ಗುಂಪು ಮಾಡಿದ್ದು ಆ ಕಳೆದುಹೋದ ಚಪ್ಪಲಿಯ ಕಥೆಯನ್ನೇ.

ಇಪ್ಪತ್ತಾರು ಮಕ್ಕಳಿಗೆ ಒಂದು ಫೋನ್ ಸಾಕಾಗಲ್ಲ ಅಂತ ಅನಿಸಬಹುದು. ನಿಜ ಹೇಳಬೇಕೆಂದರೆ ಫೋನ್ ಒಂದೇ ಇದ್ದರೆ ಒಳ್ಳೆಯದು. ಐದು ಗುಂಪಿಗೆ ಏಳೇಳು ನಿಮಿಷ ಕೊಟ್ಟರೆ ಒಂದು ಪಿರಿಯಡ್‌ಗೆ ಮುಗಿಯುತ್ತದೆ. ಫೋನ್ ಕೈಯಲ್ಲಿಲ್ಲದ ಗುಂಪಿಗೆ ಹಾಳೆ, ಪೆನ್ಸಿಲ್ ಕೊಡಿ. ಹಾಳೆಯನ್ನು ಆರು ಚೌಕ ಮಾಡಿ ಮಡಚಲಿ. ಒಂದೊಂದು ಚೌಕದಲ್ಲಿ ತಾವು ತೆಗೆಯಬೇಕಿರುವ ಶಾಟ್ ಬಿಡಿಸಲಿ. ಕಡ್ಡಿ ಗೊಂಬೆಯಾದರೂ ನಡೆಯುತ್ತದೆ. ಏಳೇ ನಿಮಿಷ ಸಿಗುತ್ತದೆ ಅಂತ ಗೊತ್ತಿದ್ದರೆ ಮೊದಲೇ ಯೋಚನೆ ಮಾಡಿಕೊಂಡು ಬರುತ್ತಾರೆ. ಕೈತುಂಬ ಫೋನ್ ಇದ್ದರೆ ಯೋಚನೆ ಮಾಡುವವರು ಯಾರು, ಅಲ್ವಾ?

ನಿಮ್ಮ ಸ್ವಂತ ಫೋನ್ ಕೊಡುತ್ತಿರುವುದರಿಂದ ಒಂದೆರಡು ಎಚ್ಚರಿಕೆ. ಮೊದಲು ಏರೋಪ್ಲೇನ್ ಮೋಡ್ ಹಾಕಿ. ಶೂಟಿಂಗ್ ಮಧ್ಯೆ ಕರೆ ಬರುವುದಿಲ್ಲ, ನಿಮ್ಮ ಮನೆಯವರ ವಾಟ್ಸಾಪ್ ಮೆಸೇಜ್ ಇಪ್ಪತ್ತಾರು ಜನ ಓದುವುದೂ ತಪ್ಪುತ್ತದೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಒಂದೇ ಆ್ಯಪ್‌ಗೆ ಪಿನ್ ಮಾಡುವ ಸೌಲಭ್ಯ ಇರುತ್ತದೆ. ಅದನ್ನೂ, ಹೊರಬರುವಾಗ ಪಾಸ್‌ವರ್ಡ್ ಕೇಳುವ ಆಯ್ಕೆಯನ್ನೂ ಆನ್ ಮಾಡಿದರೆ ನಿಮ್ಮ ಪಾಸ್‌ವರ್ಡ್ ಇಲ್ಲದೆ ಕ್ಯಾಮೆರಾದಿಂದ ಹೊರಗೆ ಬರಲು ಆಗುವುದಿಲ್ಲ. ಟ್ರೈಪಾಡ್‌ಗೆ ದುಡ್ಡು ಹಾಕಬೇಡಿ. ಹಳೇ ಕಾಲುಚೀಲಕ್ಕೆ ಒಂದು ಸೇರು ಅಕ್ಕಿ ತುಂಬಿ ಬಾಯಿ ಕಟ್ಟಿ. ಅದರ ಮೇಲೆ ಫೋನ್ ಒತ್ತಿ ಕೂರಿಸಿದರೆ ಕಲ್ಲಿನ ಮೇಲೂ ನಿಲ್ಲುತ್ತದೆ, ಬೇಲಿ ಗೂಟದ ಮೇಲೂ ನಿಲ್ಲುತ್ತದೆ. ಇನ್ನೊಂದು, ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೆನ್ಸ್ ಮಂಜು ಹಿಡಿಯುವುದು ಮಾಮೂಲಿ. ಮಕ್ಕಳು ಒದ್ದೆ ಯೂನಿಫಾರಂನಲ್ಲೇ ಉಜ್ಜುತ್ತಾರೆ. ಒಂದು ಒಣ ಹತ್ತಿ ಬಟ್ಟೆ ಜೊತೆಗೆ ಕೊಟ್ಟುಬಿಡಿ.

ಎರಡನೇ ವಾರದ ಆಟ ನನಗೆ ತುಂಬಾ ಇಷ್ಟ. ಸುಮಾರು ನೂರು ವರ್ಷದ ಹಿಂದೆ ರಷ್ಯಾದಲ್ಲಿ ಲೆವ್ ಕುಲೆಶೋವ್ ಅಂತ ಒಬ್ಬ ಸಿನಿಮಾ ಮೇಷ್ಟ್ರು ಇದ್ದರು. ಅವರು ಒಬ್ಬ ನಟನ ಮುಖದ ಶಾಟ್ ತೆಗೆದುಕೊಂಡರು. ಮುಖದಲ್ಲಿ ಯಾವ ಭಾವನೆಯೂ ಇಲ್ಲ, ಸುಮ್ನೆ ನೋಡುತ್ತಿರುವುದು ಅಷ್ಟೇ. ಅದರ ಪಕ್ಕಕ್ಕೆ ಒಮ್ಮೆ ಸೂಪಿನ ಬಟ್ಟಲು ಜೋಡಿಸಿದರು, ಒಮ್ಮೆ ಶವಪೆಟ್ಟಿಗೆ ಜೋಡಿಸಿದರು. ನೋಡಿದವರು ‘ಆಹಾ, ಹಸಿವನ್ನು ಎಷ್ಟು ಚೆನ್ನಾಗಿ ತೋರಿಸಿದ್ದಾನೆ, ದುಃಖವನ್ನು ಎಷ್ಟು ಚೆನ್ನಾಗಿ ತೋರಿಸಿದ್ದಾನೆ’ ಅಂತ ನಟನನ್ನು ಹೊಗಳಿದರಂತೆ. ಮುಖ ಮಾತ್ರ ಅದೇ. ಪಕ್ಕದ ಚಿತ್ರ ಬದಲಾದರೆ ಮುಖದ ಅರ್ಥವೇ ಬದಲಾಗುತ್ತದೆ. ಎಡಿಟಿಂಗ್ ಅಂದರೆ ಏನು ಅನ್ನುವುದಕ್ಕೆ ಸಿನಿಮಾ ಕಲಿಸುವವರು ಈಗಲೂ ಇದೇ ಉದಾಹರಣೆ ಕೊಡುತ್ತಾರೆ.

ಇದನ್ನು ಏಳನೇ ಕ್ಲಾಸಿನಲ್ಲಿ ಮಾಡಲು ಹತ್ತು ನಿಮಿಷ ಸಾಕು. ಒಬ್ಬ ಹುಡುಗನನ್ನು ಕಿಟಕಿ ಪಕ್ಕ ಕೂರಿಸಿ. ಬೆಳಕು ಮುಖದ ಮೇಲೆ ಬೀಳಬೇಕು. ಕಿಟಕಿಗೆ ಬೆನ್ನು ಹಾಕಿ ಕೂತರೆ ಮುಖ ಕಪ್ಪಾಗುತ್ತದೆ. ನಗಬೇಡ, ಸಪ್ಪೆ ಮುಖ ಮಾಡಬೇಡ, ಎದುರಿನ ಗೋಡೆ ನೋಡು ಅಂತ ಹೇಳಿ. ಐದು ಸೆಕೆಂಡ್ ಶೂಟ್ ಮಾಡಿ. ಆಮೇಲೆ ಮೂರು ಬೇರೆ ಶಾಟ್: ಬಿಸಿಯೂಟದ ತಟ್ಟೆ, ಕೆಂಪು ಇಂಕಿನಲ್ಲಿ ಗೆರೆ ಎಳೆದ ಟೆಸ್ಟ್ ಪೇಪರ್, ಮತ್ತೆ ಗೇಟಿನ ಹತ್ತಿರದ ಮಣ್ಣಿನಲ್ಲಿ ಆನೆ ಹೆಜ್ಜೆ. ಆನೆ ಹೆಜ್ಜೆ ಸಿಗದ ದಿನ ಇರಲ್ಲ ಅನ್ನುವ ಊರುಗಳೂ ನಮ್ಮಲ್ಲಿವೆ. ಸಿಗದಿದ್ದರೆ ಜಿಗಣೆ ಹತ್ತಿದ ಕಾಲು ನಡೆಯುತ್ತದೆ. ಈಗ ಮುಖ, ತಟ್ಟೆ, ಮುಖ. ಮುಖ, ಪೇಪರ್, ಮುಖ. ಮುಖ, ಹೆಜ್ಜೆ, ಮುಖ. ಇದಕ್ಕೂ ಆ್ಯಪ್ ಬೇಡ. ಗ್ಯಾಲರಿಯಲ್ಲಿ ಒಂದಾದ ಮೇಲೆ ಒಂದು ಪ್ಲೇ ಮಾಡಿದರೂ ಸಾಕು. ಕ್ಲಾಸು ಬಿದ್ದು ಬಿದ್ದು ನಗುತ್ತದೆ. ನಕ್ಕ ಮೇಲೆ ಕೇಳಿ: “ಅವನ ಮುಖದಲ್ಲಿ ಭಯ ಇತ್ತು ಅಂದ್ರಲ್ಲ, ಆ ಭಯ ಎಲ್ಲಿಂದ ಬಂತು?”

ಯಾವುದರ ಪಕ್ಕ ಯಾವುದನ್ನು ಇಟ್ಟರೆ ಏನು ಹುಟ್ಟುತ್ತದೆ ಅನ್ನುವುದು ಒಮ್ಮೆ ಕೈಗೆ ಸಿಕ್ಕಿದರೆ ಮಕ್ಕಳಿಗೆ ಹಾರ್ಟ್ ಉದುರಿಸುವ ಚಪಲ ತಾನಾಗೇ ಕಡಿಮೆ ಆಗುತ್ತದೆ. ಪೂರ್ತಿ ಹೋಗಲ್ಲ. ಒಂದೆರಡು ಹಾರ್ಟ್ ಉಳಿದೇ ಉಳಿಯುತ್ತದೆ, ಇರಲಿ.

ಈಗ ಆ್ಯಪ್. ಮಕ್ಕಳಿಗೆ ಬೇಕಾಗುವುದು ಮೂರೇ ಕೆಲಸ: ಶಾಟ್‌ನ ತುದಿ ಕತ್ತರಿಸುವುದು, ಶಾಟ್‌ಗಳನ್ನು ಹಿಂದೆ ಮುಂದೆ ಜೋಡಿಸುವುದು, ಮೇಲೆ ದನಿ ಸೇರಿಸುವುದು. ಈ ಮೂರು ಮಾಡದ ಆ್ಯಪ್ ಈಗ ಇಲ್ಲವೇ ಇಲ್ಲ. ಕೈನ್‌ಮಾಸ್ಟರ್ ಬಿಟ್ಟಿ ಆವೃತ್ತಿಯಲ್ಲಿ ಮೂಲೆಯಲ್ಲಿ ವಾಟರ್‌ಮಾರ್ಕ್ ಬರುತ್ತದೆ. ತರಗತಿ ಕೆಲಸಕ್ಕೆ ಅದರಿಂದ ಏನೂ ನಷ್ಟ ಇಲ್ಲ. ಇನ್‌ಶಾಟ್ ಸುಲಭ, ಆದರೆ ಜಾಹೀರಾತು ಜಾಸ್ತಿ. ಯೂಟ್ಯೂಬ್ ಕ್ರಿಯೇಟ್ ಅನ್ನುವ ಆ್ಯಪನ್ನು ಗೂಗಲ್ 2023ರಲ್ಲಿ ತಂದಾಗ ಮೊದಲ ಕಂತಿನ ದೇಶಗಳಲ್ಲೇ ಭಾರತವೂ ಇತ್ತು. ಬಿಟ್ಟಿ, ವಾಟರ್‌ಮಾರ್ಕ್ ಕೂಡ ಇಲ್ಲ. ಹಳೇ ಫೋನಿನಲ್ಲಿ ಓಡದೆ ಇರಬಹುದು. ಶಾಲೆಯಲ್ಲಿ ಕಂಪ್ಯೂಟರ್ ಇದ್ದರೆ ಓಪನ್‌ಶಾಟ್ ಅಥವಾ ಕೆಡೆನ್‌ಲೈವ್ ಹಾಕಿಸಿ. ಎರಡೂ ಮುಕ್ತ ತಂತ್ರಾಂಶ, ದುಡ್ಡಿಲ್ಲ, ಜಾಹೀರಾತಿಲ್ಲ, ನೆಟ್ ಬೇಡ. ದೊಡ್ಡ ಪರದೆಯ ಮುಂದೆ ಐದು ಮಕ್ಕಳು ಒಟ್ಟಿಗೆ ಕೂತು ‘ಅದು ಬೇಡ, ಇದು ಮೊದಲು ಬರಲಿ’ ಅಂತ ಜಗಳ ಆಡಬಹುದು. ನನಗೆ ಕೇಳಿದರೆ ನಾನು ಕಂಪ್ಯೂಟರ್ ಕಡೆಯೇ. ಫೋನ್ ಒಬ್ಬರ ಕೈಯಲ್ಲಿ ಇರುತ್ತದೆ, ಉಳಿದ ನಾಲ್ವರು ಅವರ ಭುಜದ ಮೇಲಿಂದ ಇಣುಕುತ್ತಾರೆ.

ಒಂದು ವಿಷಯ ಮರೆಯಬೇಡಿ. 2020ರ ಜೂನ್ 29ರಂದು ಕೇಂದ್ರ ಸರ್ಕಾರ 59 ಆ್ಯಪ್ ನಿಷೇಧಿಸಿತು. ಎಲ್ಲರಿಗೂ ನೆನಪಿರುವುದು ಟಿಕ್‌ಟಾಕ್. ಎಡಿಟಿಂಗ್‌ಗೆ ಬಳಸುತ್ತಿದ್ದ ವಿವಾವಿಡಿಯೋ ಕೂಡ ಆ ಪಟ್ಟಿಯಲ್ಲಿತ್ತು. ಅಣ್ಣಂದಿರ ಫೋನಿನಿಂದ ಶೇರ್ ಮಾಡಿಕೊಂಡ ಎಪಿಕೆ ಫೈಲ್ (ಪ್ಲೇಸ್ಟೋರ್ ಇಲ್ಲದೆ ಆ್ಯಪ್ ಹಾಕಿಕೊಳ್ಳುವ ಫೈಲ್) ತಂದು “ಮಿಸ್, ಇದು ಸೂಪರಾಗಿದೆ, ಹಾಕಿ” ಅನ್ನುವ ಮಕ್ಕಳು ಇದ್ದೇ ಇರುತ್ತಾರೆ. ಪ್ಲೇಸ್ಟೋರ್ ಹೊರಗಿಂದ ಏನನ್ನೂ ನಿಮ್ಮ ಫೋನಿಗೆ ಹಾಕಿಕೊಳ್ಳಬೇಡಿ. ಅದೇ ಫೋನಿನಲ್ಲಿ ನಿಮ್ಮ ಬ್ಯಾಂಕ್ ಕೂಡ ಇದೆ.

ಬೀಗದ ಮಾತು ಹೇಳಿದ್ದೆನಲ್ಲ. ನಮ್ಮ ತರಗತಿಯ ಕಾನೂನು ಹೀಗಿತ್ತು: ಫಿಲ್ಟರ್ ಇಲ್ಲ, ಟ್ರಾನ್ಸಿಷನ್ ಇಲ್ಲ, ಒಟ್ಟು ಅವಧಿ ಒಂದು ನಿಮಿಷ ಮೀರುವಂತಿಲ್ಲ, ಸಿನಿಮಾ ಹಾಡು ಇಲ್ಲ. ಹಾಡು ಬೇಕೇ ಬೇಕು ಅಂದರೆ ಅವರೇ ಹಾಡಬೇಕು ಅಥವಾ ಡಬ್ಬ ಬಡಿಯಬೇಕು. ಹಾಡಿಗೆ ನಿಷೇಧ ಹಾಕಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ತರಗತಿಯೊಳಗಿನ ಕಲಿಕೆಗೆ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಒಂದಿಷ್ಟು ಸಡಿಲಿಕೆ ಇದೆ. ಯೂಟ್ಯೂಬ್‌ಗೆ ಹಾಕಿದರೆ ಕಥೆಯೇ ಬೇರೆ. ಅಲ್ಲಿ ಯಂತ್ರವೇ ಹಾಡು ಗುರುತು ಹಿಡಿದು ಹಕ್ಕುದಾರರ ಪರವಾಗಿ ದನಿ ಬಂದ್ ಮಾಡಿಸಬಹುದು, ವಿಡಿಯೋವನ್ನೇ ತಡೆಯಬಹುದು.

ದನಿಯ ವಿಚಾರ ಸ್ವಲ್ಪ ಜಾಸ್ತಿ ಹೇಳಬೇಕು. ವಿಡಿಯೋ ಅಂದರೆ ಎಲ್ಲರೂ ಚಿತ್ರದ ಬಗ್ಗೆ ಮಾತಾಡುತ್ತಾರೆ, ಕೆಡುವುದು ಮಾತ್ರ ದನಿಯಲ್ಲಿ. ಶೀಟಿನ ಮಾಡಿನ ಮೇಲೆ ಮಡಿಕೇರಿ ಕಡೆಯ ಮಳೆ ಬೀಳುವಾಗ ಕ್ಲಾಸಿನಲ್ಲಿ ಟೀಚರ್ ಮಾತೇ ಕೇಳುವುದಿಲ್ಲ, ಇನ್ನು ಫೋನಿನ ಮೈಕ್‌ಗೆ ಏನು ಕೇಳೀತು? ನಾನು ಕಂಡುಕೊಂಡ ಉಪಾಯ ಕಂಬಳಿ. ಮಾತಾಡುವ ಮಗು ಮತ್ತು ಫೋನು ಇಬ್ಬರೂ ಕಂಬಳಿಯೊಳಗೆ. ಫೋನ್ ಬಾಯಿಂದ ಒಂದು ಗೇಣು ದೂರ. ಮೊದಲ ಸಲ ಒಳಗಿಂದ ನಗು ಬಿಟ್ಟು ಬೇರೇನೂ ಬರುವುದಿಲ್ಲ. ಮೂರನೇ ಸಲಕ್ಕೆ ರೇಡಿಯೋ ಸ್ಟೇಷನ್‌ನಲ್ಲಿ ಮಾತಾಡಿದ ಹಾಗೆ ಬರುತ್ತದೆ. ಮಳೆಯ ಸದ್ದನ್ನು ಬೇರೆಯಾಗಿ ಒಂದು ನಿಮಿಷ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಶೀಟಿನ ಮೇಲಿನ ಮಳೆ, ಬಾಳೆ ಎಲೆ ಮೇಲಿನ ಮಳೆ, ಬಕೆಟ್ಟಿಗೆ ಬೀಳುವ ಮಳೆ. ಮೂರಕ್ಕೂ ಮೂರು ಥರದ ಸದ್ದು. ಕಣ್ಣು ಮುಚ್ಚಿಸಿ ಯಾವ ಮಳೆ ಅಂತ ಕೇಳಿದರೆ ಅದೇ ಒಂದು ಪಿರಿಯಡ್ ಆಟ.

ದನಿ ಅಂದ ಮೇಲೆ ಭಾಷೆ. ನಿಮ್ಮ ಇಪ್ಪತ್ತಾರು ಮಕ್ಕಳ ಮನೆಯಲ್ಲಿ ಎಷ್ಟು ಭಾಷೆ ಇದೆ ಅಂತ ಒಮ್ಮೆ ಲೆಕ್ಕ ಹಾಕಿ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ತಮಿಳು, ಯರವರ ಮಾತು, ಕುರುಬರ ಮಾತು. ಈಗ ಲೈನ್ ಮನೆಗಳಲ್ಲಿ ಅಸ್ಸಾಂ ಕಡೆಯಿಂದ ಬಂದವರೂ ಇದ್ದಾರೆ. ವಿಡಿಯೋದಲ್ಲಿ ಮಕ್ಕಳು ಪುಸ್ತಕದ ಕನ್ನಡದಲ್ಲಿ ‘ನಮ್ಮ ಗ್ರಾಮವು ಪ್ರಕೃತಿ ಸೌಂದರ್ಯದಿಂದ ಕೂಡಿದೆ’ ಅಂತ ಶುರು ಮಾಡಿದರೆ ಅಲ್ಲಿಗೇ ನಿಲ್ಲಿಸಿ. ಮನೆ ಮಾತಿನಲ್ಲಿ ಹೇಳಲಿ. ಅಜ್ಜಿಯನ್ನು ಅವಳ ಭಾಷೆಯಲ್ಲೇ ಮಾತಾಡಿಸಲಿ. ಕನ್ನಡ ಕಲಿಸುವ ಟೀಚರ್ ಆಗಿ ಇದನ್ನು ಹೇಗೆ ಒಪ್ಪಲಿ ಅಂತ ನಿಮಗೆ ಅನಿಸಬಹುದು. ಕನ್ನಡದ ಕೆಲಸ ಆಮೇಲೆ ಬರುತ್ತದೆ, ಮೇಡಂ. ಕೆಳಗೆ ಕನ್ನಡದಲ್ಲಿ ಸಬ್‌ಟೈಟಲ್ ಹಾಕಬೇಕು. ಒಂದು ಸಾಲಿಗೆ ಐದಾರು ಪದ ಮಾತ್ರ, ಪರದೆ ಮೇಲೆ ಮೂರು ಸೆಕೆಂಡ್ ಇರುತ್ತದೆ, ಅಷ್ಟರಲ್ಲಿ ಓದಿ ಮುಗಿಯಬೇಕು. ಅಜ್ಜಿ ಕೊಡವ ತಕ್ಕ್‌ನಲ್ಲಿ ಉದ್ದಕ್ಕೆ ಹೇಳಿದ್ದನ್ನು ಐದು ಕನ್ನಡ ಪದಕ್ಕೆ ಇಳಿಸಲು ಕೂತ ಮಕ್ಕಳು ಪದಕ್ಕಾಗಿ ಎಷ್ಟು ಒದ್ದಾಡುತ್ತಾರೆ ನೋಡಿ. ಒತ್ತಕ್ಷರ ತಪ್ಪಿದರೆ ಇಡೀ ಊರಿಗೆ ಕಾಣುತ್ತದೆ ಅಂತ ತಾವೇ ನಿಘಂಟು ತೆಗೆಯುತ್ತಾರೆ. ಕಾಪಿ ಬರೆಸಿದಾಗ ಇಷ್ಟು ಕಾಳಜಿ ನಾನಂತೂ ಕಂಡಿಲ್ಲ. ಯುನೆಸ್ಕೋ ಮಾಡಿದ ಅಳಿವಿನ ಅಂಚಿನ ಭಾಷೆಗಳ ಪಟ್ಟಿಯಲ್ಲಿ ಕೊಡವ ಭಾಷೆಯೂ ಇದೆ. ಅಜ್ಜಿಯ ಆ ಒಂದು ನಿಮಿಷ ಅಳಿಸಿ ಹಾಕದೆ ಇಟ್ಟುಕೊಳ್ಳಿ.

ಮನೆ ಮಾತು ತರಗತಿಗೆ ಬಂದಾಗ ಇನ್ನೊಂದೂ ಆಗುತ್ತದೆ. ಯಾವಾಗಲೂ ಬಾಯಿ ಬಿಡದ ಒಬ್ಬ ಯರವರ ಹುಡುಗ, ಕಾಡಿನ ಜೇನಿನ ಬಗ್ಗೆ ತನ್ನ ಮಾತಿನಲ್ಲಿ ಒಂದೇ ಉಸಿರಿಗೆ ನಲವತ್ತು ಸೆಕೆಂಡ್ ಹೇಳಿದ್ದು ನನ್ನ ಹತ್ತಿರ ಇನ್ನೂ ಇದೆ. ಸಬ್‌ಟೈಟಲ್ ಬರೆಯಲು ಉಳಿದವರೆಲ್ಲ ಅವನ ಸುತ್ತ ಕೂರಬೇಕಾಯಿತು. ಆ ಮಾತು ಬರುವವನು ಅವನೊಬ್ಬನೇ ಅಲ್ವಾ?

ವಿಜ್ಞಾನಕ್ಕೂ ಇದನ್ನು ಜೋಡಿಸಬಹುದು. ಅಲ್ಲಿ ನನಗೆ ಹಿಡಿಸಿದ್ದು ಸ್ಟಾಪ್ ಮೋಷನ್, ಅಂದರೆ ಬಿಡಿ ಫೋಟೋಗಳನ್ನು ಒಂದರ ಹಿಂದೆ ಒಂದು ಓಡಿಸಿ ಚಲನೆ ತರುವುದು. ಸ್ಟಾಪ್ ಮೋಷನ್ ಸ್ಟುಡಿಯೋ ಅನ್ನುವ ಆ್ಯಪ್‌ನ ಬಿಟ್ಟಿ ಆವೃತ್ತಿ ಸಾಕು. ವೃತ್ತಿಪರರು ಸೆಕೆಂಡಿಗೆ 12 ಅಥವಾ 24 ಚಿತ್ರ ಬಳಸುತ್ತಾರೆ. ಮಕ್ಕಳಿಗೆ ಆರು ಸಾಕು. ಸ್ವಲ್ಪ ಕುಂಟುತ್ತದೆ, ಆದರೆ ಕುಂಟಿದರೇ ಚಂದ. ಮೊದಲ ಚಿತ್ರ ತೆಗೆಯುವ ಮುಂಚೆ ಪರದೆಯ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಮತ್ತು ಬೆಳಕು ಲಾಕ್ ಮಾಡಿ. ಇಲ್ಲದಿದ್ದರೆ ಮೋಡ ಬಂದು ಹೋದ ಹಾಗೆಲ್ಲಾ ವಿಡಿಯೋ ಮಿಣಿಮಿಣಿ ಅನ್ನುತ್ತದೆ.

ಏನು ತೆಗೆಯುವುದು? ನಮ್ಮ ಸುತ್ತ ಇರುವುದನ್ನೇ. ಮಾರ್ಚ್, ಏಪ್ರಿಲ್‌ನಲ್ಲಿ ಹೂ ಮಳೆ ಬಿದ್ದ ದಿನದಿಂದ ಎಂಟು ಹತ್ತು ದಿನಕ್ಕೆ ಕಾಫಿ ಹೂ ಅರಳುತ್ತದೆ. ಮಳೆ ಬಿದ್ದ ದಿನವೇ ಒಂದು ರೆಂಬೆಗೆ ಬಣ್ಣದ ದಾರ ಕಟ್ಟಿ, ದಿನಕ್ಕೆ ಎರಡು ಸಲ ಒಂದೇ ಜಾಗದಿಂದ ಫೋಟೋ ತೆಗೆಯಲಿ. ಯಾವ ದಿನ ಅರಳುತ್ತದೆ ಅಂತ ಮೊದಲೇ ಬರೆದಿಡಲಿ. ಲೈನ್ ಮನೆ ಮಕ್ಕಳು ಇದರಲ್ಲಿ ಎಲ್ಲರಿಗಿಂತ ಮುಂದೆ ಇರುತ್ತಾರೆ, ಮೊಗ್ಗಿನ ಬಣ್ಣ ನೋಡಿಯೇ ಹೇಳುತ್ತಾರೆ. ಹೂ ಬಿಟ್ಟು ಎರಡು ದಿನಕ್ಕೆಲ್ಲಾ ಬಾಡುತ್ತದೆ, ಆ ಎರಡು ದಿನ ಭಾನುವಾರಕ್ಕೆ ಬಿದ್ದರೆ ಗೋವಿಂದ. ಅದಕ್ಕೆ ತೋಟದ ಪಕ್ಕದಲ್ಲೇ ಮನೆ ಇರುವ ಒಬ್ಬರನ್ನು ಆ ಗುಂಪಿನಲ್ಲಿ ಸೇರಿಸಿ. ತೋಟದವರ ಅನುಮತಿ ಮೊದಲೇ ಕೇಳಿ.

ಪೋಷಕರ ವಿಚಾರ. ವಿಡಿಯೋ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಮೊದಲ ದಿನವೇ ತೀರ್ಮಾನ ಮಾಡಿ. ನನ್ನ ಸಲಹೆ: ಕ್ಲಾಸಿನ ಟಿವಿಗೆ, ಪೋಷಕರ ಸಭೆಗೆ, ಅಷ್ಟಕ್ಕೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದ ಎಲ್ಲರನ್ನೂ ಮಕ್ಕಳು ಅಂತಲೇ ನೋಡುತ್ತದೆ, ಅವರ ಮಾಹಿತಿ ಬಳಸಲು ತಂದೆ ತಾಯಿಯ ಒಪ್ಪಿಗೆ ಕೇಳುತ್ತದೆ. ಯೂಟ್ಯೂಬ್ ಖಾತೆ ತೆರೆಯಲು 13 ಆಗಿರಬೇಕು, ನಿಮ್ಮ ಮಕ್ಕಳಲ್ಲಿ ಅರ್ಧ ಜನಕ್ಕೆ ಅದೂ ಆಗಿರುವುದಿಲ್ಲ. ಹಾಗಾಗಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ವಿಷಯ ಇಟ್ಟು, ಕನ್ನಡದಲ್ಲಿ ನಾಲ್ಕು ಸಾಲಿನ ಒಪ್ಪಿಗೆ ಪತ್ರ ಮಾಡಿಸಿ. ಓದಲು ಬಾರದ ಪೋಷಕರಿಗೆ ಓದಿ ಹೇಳಿ. ‘ಬೇಡ’ ಅಂದವರ ಮಗು ಕ್ಯಾಮೆರಾ ಹಿಂದೆ ಇರಲಿ. ಹಿಂದೆ ಇರುವವರೇ ಮುಖ್ಯ ಅಂತ ಉಳಿದ ಮಕ್ಕಳಿಗೆ ಗೊತ್ತಾದರೆ ಯಾರಿಗೂ ಬೇಜಾರಿಲ್ಲ. ಇನ್ನೊಂದು ನನ್ನ ಕಣ್ಣೆದುರೇ ಆದದ್ದು. ಒಂದು ಊರಿನಲ್ಲಿ ಮಕ್ಕಳ ವಿಡಿಯೋ ಯಾರದೋ ಸ್ಟೇಟಸ್‌ಗೆ ಹೋಯಿತು. ಹಿನ್ನೆಲೆಯಲ್ಲಿ ಒಬ್ಬರ ಮನೆಯ ಹರಿದ ಟಾರ್ಪಾಲ್ ಕಾಣುತ್ತಿತ್ತು. ಆ ಮಗು ಎರಡು ದಿನ ಶಾಲೆಗೆ ಬರಲಿಲ್ಲ. ಅಂದಿನಿಂದ ಶೂಟ್ ಮಾಡುವ ಮುಂಚೆ ‘ಹಿಂದೆ ಏನು ಕಾಣ್ತಿದೆ?’ ಅಂತ ಕೇಳುವುದು ನನಗೆ ಅಭ್ಯಾಸ ಆಗಿದೆ.

ಅಂಕ. ಚಂದ ಕಂಡ ವಿಡಿಯೋಗೆ ಜಾಸ್ತಿ ಅಂಕ ಕೊಟ್ಟರೆ ಮನೆಯಲ್ಲಿ ಒಳ್ಳೆ ಫೋನ್ ಇರುವವರಿಗೆ ಅಂಕ ಕೊಟ್ಟ ಹಾಗೆ. ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಗೆ ಹತ್ತು ಅಂಕ ಇಟ್ಟರೆ ನಾನು ಹೀಗೆ ಹಂಚುತ್ತೇನೆ: ಆರು ಚೌಕದ ಹಾಳೆಗೆ ನಾಲ್ಕು, ಮುಗಿದ ವಿಡಿಯೋಗೆ ಎರಡು, ಉಳಿದ ನಾಲ್ಕು ಒಂದೇ ಪ್ರಶ್ನೆಗೆ: “ತೆಗೆದದ್ದರಲ್ಲಿ ಯಾವ ಶಾಟ್ ಬಿಟ್ಟಿರಿ? ಯಾಕೆ?” ಗುಂಪಿನಲ್ಲಿ ಯಾರನ್ನು ಬೇಕಾದರೂ ಎಬ್ಬಿಸಿ ಕೇಳುತ್ತೇನೆ. ‘ಎಲ್ಲಾ ಹಾಕಿದ್ದೀವಿ ಸಾರ್’ ಅಂದರೆ ಸೊನ್ನೆ. ‘ಆನೆ ಶಾಟ್ ತುಂಬಾ ಚೆನ್ನಾಗಿತ್ತು ಸಾರ್, ಆದ್ರೆ ಚಪ್ಪಲಿ ಕಥೆಗೆ ಆನೆ ಯಾಕೆ ಅಂತ ತೆಗೆದ್ವಿ’ ಅಂದರೆ ನಾಲ್ಕಕ್ಕೆ ನಾಲ್ಕು. ಚೆನ್ನಾಗಿರುವುದನ್ನು ಕಥೆಗೋಸ್ಕರ ಬಿಡುವುದಿದೆಯಲ್ಲ, ದೊಡ್ಡ ದೊಡ್ಡ ನಿರ್ದೇಶಕರಿಗೇ ಅದು ಕಷ್ಟ. ಎಚ್‌ಎಂ ಮತ್ತೆ ‘ಪಾಠವಾ ರೀಲ್ಸಾ’ ಅಂದರೆ ಅವರನ್ನೇ ಈ ಪ್ರಶ್ನೆ ಕೇಳಲು ಕರೆಯಿರಿ. ಅವರೆದುರು ಮಕ್ಕಳೇ ಉತ್ತರ ಕೊಡುತ್ತಾರೆ.

ಕೊನೆಗೆ ಜಾಗದ ಲೆಕ್ಕ. ಫೋನ್ ಕ್ಯಾಮೆರಾದ ವಿಡಿಯೋ ಗುಣಮಟ್ಟ 720ಪಿಗೆ ಇಟ್ಟುಕೊಳ್ಳಿ. ಫೋನಿನಿಂದ ಫೋನಿಗೆ ವ್ಯತ್ಯಾಸ ಇದ್ದರೂ ನಿಮಿಷಕ್ಕೆ ಸುಮಾರು 60 ಎಂಬಿ ಅಂತ ಇಟ್ಟುಕೊಳ್ಳಬಹುದು. 1080ಪಿ ಆದರೆ ಎರಡರಷ್ಟು. ವಾರಕ್ಕೊಮ್ಮೆ ಪೆನ್‌ಡ್ರೈವ್‌ಗೆ ಇಳಿಸಿ ಫೋನ್ ಖಾಲಿ ಮಾಡಿ. ವಾಟ್ಸಾಪ್‌ನಲ್ಲಿ ಕಳಿಸಲೇಬೇಕಾದರೆ ‘ಡಾಕ್ಯುಮೆಂಟ್’ ಅಂತ ಕಳಿಸಿ, ಇಲ್ಲದಿದ್ದರೆ ಅದು ಹಿಂಡಿ ಮಸುಕು ಮಾಡುತ್ತದೆ. ಕರೆಂಟ್ ಭರವಸೆ ಇಲ್ಲದ ತಿಂಗಳುಗಳಲ್ಲಿ ಎಡಿಟಿಂಗ್ ಬೆಳಗಿನ ಮೊದಲ ಪಿರಿಯಡ್‌ಗೆ ಇಟ್ಟುಕೊಳ್ಳುವುದು ಒಳ್ಳೆಯದು, ಬ್ಯಾಟರಿ ತುಂಬಿರುತ್ತದೆ.

ಮುಂದಿನ ವಿಡಿಯೋಗೆ ವಿಷಯ ಹುಡುಕುತ್ತಿದ್ದರೆ ಒಂದು ಸಿದ್ಧವಾಗಿದೆ. ಆಗಸ್ಟ್ 3, ಕಕ್ಕಡ ಹದಿನೆಂಟು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ನಿಮ್ಮ ಕಡೆ ಆಟಿ ಹದಿನೆಂಟು ಅನ್ನುವವರೂ ಇರಬಹುದು. ಮದ್ದು ಸೊಪ್ಪಿನ ಪಾಯಸದ ದಿನ. ಹಸಿರು ಸೊಪ್ಪನ್ನು ನೀರಿಗೆ ಹಾಕಿ ಕುದಿಸಿದರೆ ನೀರು ನೇರಳೆಯಾಗುತ್ತದೆ. ಬಿಸಿಯೂಟದ ಅಡುಗೆ ಅಕ್ಕನನ್ನು ಕೇಳಿಕೊಂಡು ಒಂದು ಸಣ್ಣ ಪಾತ್ರೆ ಇಡಿಸಿ. ಒಲೆ ಅಕ್ಕ ನೋಡಿಕೊಳ್ಳಲಿ, ಮಕ್ಕಳು ಗೆರೆಯ ಆಚೆ. ಫೋನನ್ನು ಅಕ್ಕಿ ಚೀಲದ ಮೇಲೆ, ಹಬೆ ತಾಗದ ಹಾಗೆ ಪಕ್ಕದಿಂದ ಇಡಿ. ಹತ್ತು ಸೆಕೆಂಡಿಗೆ ಒಂದು ಫೋಟೋ, ಹದಿನೈದು ನಿಮಿಷ. ಎಷ್ಟು ಫೋಟೋ ಆಯಿತು, ಸೆಕೆಂಡಿಗೆ ಆರರಂತೆ ಓಡಿಸಿದರೆ ವಿಡಿಯೋ ಎಷ್ಟು ಉದ್ದ ಬರುತ್ತದೆ ಅಂತ ಮಕ್ಕಳೇ ಲೆಕ್ಕ ಮಾಡಲಿ: 90 ಫೋಟೋ, 15 ಸೆಕೆಂಡ್. ಬಣ್ಣ ಎಲ್ಲಿಂದ ಬಂತು, ಸೊಪ್ಪು ಹಸಿರಿತ್ತಲ್ಲ ಅನ್ನುವ ಪ್ರಶ್ನೆ ತಾನಾಗೇ ಬರುತ್ತದೆ. ಪಾಯಸ ತಿಂದ ಮೇಲೆ ಮೂತ್ರದ ಬಣ್ಣವೂ ಬದಲಾಗುತ್ತದೆ ಅನ್ನುವುದು ಇಲ್ಲಿನ ಪ್ರತಿ ಮಗುವಿಗೂ ಗೊತ್ತು. ಅದನ್ನೂ ಶೂಟ್ ಮಾಡೋಣ್ವಾ ಅಂತ ಒಬ್ಬನಾದರೂ ಕೇಳಿಯೇ ಕೇಳುತ್ತಾನೆ, ಉತ್ತರ ಮೊದಲೇ ರೆಡಿ ಇಟ್ಟುಕೊಳ್ಳಿ. ಸೊಪ್ಪು ಯಾರ ಮನೆಯ ಬೇಲಿಯಲ್ಲಿದೆ ಅಂತ ನೀವು ಹುಡುಕುವುದು ಬೇಡ, ಸೋಮವಾರ ಕ್ಲಾಸಿನಲ್ಲಿ ಕೇಳಿ ನೋಡಿ.